ದೊಡ್ಡ ಐಟಿ ಕಂಪನಿ ಶಿವಮೊಗ್ಗಕ್ಕೆ ಬರಲಿ ಅಂತ ಊರಿನ ತೆರಿಗೆ ಬಿಡಬೇಕಾ?

ಕೋಟೆ ರಸ್ತೆ:

ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದಮೇಲೆ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. ದೊಡ್ಡ ಐಟಿ ಕಂಪನಿ ಒಂದನ್ನು ಹೇಗಾದರೂ ಕರೆತರಬೇಕು, ಅವರು ಕೇಳಿದ ಜಾಗ ಕೊಡಬೇಕು, ಹತ್ತು ವರ್ಷ ತೆರಿಗೆ ಬಿಡಬೇಕು ಅಂತ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಕಂಪನಿ ಖಂಡಿತ ಬರಲಿ. ಆದರೆ ಊರಿನ ತೆರಿಗೆ ಬಿಟ್ಟು ಕರೆಯುವುದು ಬೇಡ.

ನಮ್ಮ ಪಾಲಿಕೆಗೆ ಸ್ವಂತದ್ದು ಅಂತ ಇರುವ ದೊಡ್ಡ ತೆರಿಗೆ ಒಂದೇ, ಆಸ್ತಿ ತೆರಿಗೆ. ಊರೊಳಗೆ ಬರುವ ಸರಕಿನ ಮೇಲಿದ್ದ ಆಕ್ಟ್ರಾಯ್ ತೆರಿಗೆ 1979ರಲ್ಲೇ ಹೋಯಿತು. ಆದಾಯ ತೆರಿಗೆ ಕೇಂದ್ರಕ್ಕೆ ಹೋಗುತ್ತದೆ. ಜಿಎಸ್‌ಟಿಯನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಮುದ್ರಾಂಕ ಶುಲ್ಕ, ಕರೆಂಟಿನ ಮೇಲಿನ ತೆರಿಗೆ ರಾಜ್ಯದ್ದು. ಹೀಗಿರುವಾಗ ನಗರ ತೆರಿಗೆ ಬಿಡಬೇಕು ಅಂದರೆ ಬಿಡುವುದಕ್ಕೆ ಉಳಿದಿರುವುದು ಕಸ, ಚರಂಡಿ, ಬೀದಿದೀಪಕ್ಕೆ ಬರುವ ದುಡ್ಡು ಮಾತ್ರ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ರಾಜಕಾಲುವೆ ಸರಿ ಮಾಡಲು ದುಡ್ಡಿಲ್ಲ ಅನ್ನುವ ಊರು ಯಾರಿಗೆ ತೆರಿಗೆ ಬಿಡಬೇಕು?

ಅಮೆರಿಕದಲ್ಲಿ ನಡೆದದ್ದನ್ನೂ ಸ್ವಲ್ಪ ನೋಡಿ. 2017ರಲ್ಲಿ ಅಮೆಜಾನ್ ಕಂಪನಿ ತನ್ನ ಎರಡನೇ ಮುಖ್ಯ ಕಚೇರಿಗೆ ಊರು ಬೇಕು ಅಂತ ಬಹಿರಂಗವಾಗಿ ಕರೆ ಕೊಟ್ಟಿತು. 238 ಕಡೆಯಿಂದ ಅರ್ಜಿ ಬಂದವು. ಒಂದಕ್ಕಿಂತ ಒಂದು ಜಾಸ್ತಿ ಸವಲತ್ತು. 2018ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮತ್ತು ವರ್ಜೀನಿಯಾದ ಆರ್ಲಿಂಗ್ಟನ್ ಆಯ್ಕೆಯಾದವು. ನ್ಯೂಯಾರ್ಕ್ ಕೊಡಲು ಒಪ್ಪಿದ್ದು ಸುಮಾರು 3 ಬಿಲಿಯನ್ ಡಾಲರ್ ಸವಲತ್ತು. ಅಲ್ಲಿನ ಜನ ಪ್ರಶ್ನೆ ಕೇಳಿದರು. 2019ರ ಫೆಬ್ರವರಿಯಲ್ಲಿ ಕಂಪನಿ ಹಿಂದೆ ಸರಿಯಿತು. ಅದೇ ವರ್ಷದ ಕೊನೆಗೆ ಅದೇ ಕಂಪನಿ ಅದೇ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 1,500 ಜನರಿಗೆ ಸಾಕಾಗುವ ಕಚೇರಿ ಬಾಡಿಗೆಗೆ ಹಿಡಿಯಿತು. ಯಾವ ವಿಶೇಷ ರಿಯಾಯಿತಿಯೂ ಇಲ್ಲದೆ.

ನೀವೆಲ್ಲ ಏನನ್ನುತ್ತೀರಿ? ಒಪ್ಪದವರೂ ಬಿಚ್ಚಿ ಹೇಳಿ.

ವಿನೋಬನಗರ:

ನಾನು ಒಪ್ಪುವುದಿಲ್ಲ ಸಾರ್. ನ್ಯೂಯಾರ್ಕ್ ಜೊತೆ ಶಿವಮೊಗ್ಗವನ್ನು ಹೋಲಿಸಬೇಡಿ. ಅಲ್ಲಿಗೆ ಕರೆಯದಿದ್ದರೂ ಬರುತ್ತಾರೆ. ಇಲ್ಲಿಗೆ ಕರೆದರೂ ಬಂದಿಲ್ಲ. ಮಾಚೇನಹಳ್ಳಿಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್‌ನ ಐಟಿ ಪಾರ್ಕ್ ಕಟ್ಟಿ ಎಷ್ಟು ವರ್ಷ ಆಯಿತು? ದೊಡ್ಡ ಹೆಸರಿನವರು ಯಾರು ಬಂದು ನಿಂತರು?

ನನ್ನ ಮಕ್ಕಳಿಬ್ಬರೂ ಇಲ್ಲೇ ಇಂಜಿನಿಯರಿಂಗ್ ಓದಿದರು. ಇಬ್ಬರೂ ಬೆಂಗಳೂರಲ್ಲಿ. ನಮ್ಮ ಬೀದಿಯಲ್ಲಿ ಮನೆ ಮನೆಗೂ ಇದೇ ಕತೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜು ಜೆಎನ್‌ಎನ್‌ಸಿಇ 1980ರಿಂದ ಇದೆ. ಅಲ್ಲಿಂದ ಹೊರಬಂದ ಹುಡುಗರೆಲ್ಲ ಎಲ್ಲಿ ಹೋದರು? ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಶಿವಮೊಗ್ಗ, ಸಾಗರದ ಬಸ್ಸು ಹತ್ತುವವರ ಸಾಲು ನೋಡಿ, ಗೊತ್ತಾಗುತ್ತದೆ. ಒಂದು ಸಾವಿರ ಮಕ್ಕಳು ಮನೆಯಿಂದ ಕೆಲಸಕ್ಕೆ ಹೋಗಿಬರುವಂತಾದರೆ ಆ ಸಂಬಳ ಇಲ್ಲೇ ಖರ್ಚಾಗುತ್ತದೆ. ಬಾಡಿಗೆ, ಹೋಟೆಲು, ಕಿರಾಣಿ, ಆಟೋ ಎಲ್ಲರಿಗೂ ನಾಲ್ಕು ಕಾಸು ಸಿಗುತ್ತದೆ. ಅದಕ್ಕಾಗಿ ಒಂದು ಕಟ್ಟಡದ ತೆರಿಗೆ ಹತ್ತು ವರ್ಷ ಬಿಟ್ಟರೆ ಏನು ನಷ್ಟ? ಅವರು ಬರದೇ ಇದ್ದರೆ ಆ ತೆರಿಗೆ ಹೇಗೂ ಬರುತ್ತಿರಲಿಲ್ಲವಲ್ಲ.

ಭದ್ರಾವತಿ ಹಳೇನಗರ:

ವಿನೋಬನಗರದ ಅಂಕಲ್, ನಿಮ್ಮ ನೋವು ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ಅದೇ ಪರಿಸ್ಥಿತಿ. ಆದರೆ ದೊಡ್ಡದೊಂದು ಬಂದರೆ ಊರು ಉಳಿಯುತ್ತದೆ ಅನ್ನುವ ಮಾತನ್ನು ನಮ್ಮ ಭದ್ರಾವತಿಯವರು ಅಷ್ಟು ಸುಲಭಕ್ಕೆ ಒಪ್ಪಲಾರರು.

ಕಬ್ಬಿಣದ ಕಾರ್ಖಾನೆ 1918ರಲ್ಲಿ ಶುರುವಾಯಿತು. 1923ರಿಂದ ಉತ್ಪಾದನೆ. ಎಂಪಿಎಂ, ಅಂದರೆ ಕಾಗದದ ಕಾರ್ಖಾನೆ, 1936ರದ್ದು. ಇವೆರಡೂ ಮೂರು ತಲೆಮಾರಿಗೆ ಅನ್ನ ಕೊಟ್ಟವು. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ, ನಮ್ಮ ಅಜ್ಜನಿಗೆ ಕ್ವಾರ್ಟರ್ಸ್ ಸಿಕ್ಕಿದ್ದೂ ಅಲ್ಲೇ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಎಂಪಿಎಂಗೆ ಅಂತ 1980ರಲ್ಲಿ ಮಲೆನಾಡಿನ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಅಲ್ಲಿ ಅಕೇಶಿಯಾ, ನೀಲಗಿರಿ ಬಂತು. 2015ರಲ್ಲಿ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. ನಿಂತ ಕಾರ್ಖಾನೆಯ ಹೆಸರಿನಲ್ಲೇ 2020ರಲ್ಲಿ ಗುತ್ತಿಗೆ ಮತ್ತೆ ಮುಂದುವರಿಸಿದರು. ತೀರ್ಥಹಳ್ಳಿ, ಹೊಸನಗರ, ಸಾಗರದ ಜನ ಬೀದಿಗೆ ಬಂದದ್ದು ಅದಕ್ಕೇ. ಕೆಲಸ ಹೋದಮೇಲೂ ಕೊಟ್ಟ ಜಾಗ ವಾಪಸ್ ಬರಲಿಲ್ಲ. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆ, ಅಂದರೆ ಈಗಿನ ವಿಐಎಸ್‌ಎಲ್, ಮುಚ್ಚುತ್ತೇವೆ ಅಂತ ಅದನ್ನು ನಡೆಸುವ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಹೇಳಿದಾಗ ಕಾರ್ಮಿಕರು ಧರಣಿ ಕೂತರು. ನಿರ್ಧಾರ ದೆಹಲಿಯದ್ದು, ನೋವು ನಮ್ಮದು.

ಇವು ಸರ್ಕಾರದ ಕಾರ್ಖಾನೆಗಳು, ಆದರೂ ಹೀಗಾಯಿತು. ಖಾಸಗಿ ಕಂಪನಿಯ ನಿರ್ಧಾರ ಎಲ್ಲೋ ಸಮುದ್ರದಾಚೆ ಆಗುತ್ತದೆ. ಹಾಗಾಗಿ ಕೊಡುವ ಮೊದಲೇ "ನೀವು ಹೋದರೆ ನಮಗೆ ಏನು ವಾಪಸ್" ಅಂತ ಬರೆಸಿಕೊಳ್ಳಬೇಕು.

ನಿದಿಗೆ ಫೌಂಡ್ರಿ:

ನನ್ನದು ಸಣ್ಣ ಫೌಂಡ್ರಿ. ವಾಹನಗಳ ಬಿಡಿಭಾಗಕ್ಕೆ ಎರಕ ಹೊಯ್ಯುತ್ತೇವೆ. ಶಿವಮೊಗ್ಗದ ಕೈಗಾರಿಕೆ ಅಂದರೆ ಹೊರಗಿನವರಿಗೆ ಗೊತ್ತಿರುವುದು ಇದೇ, ಅಡಿಕೆ ಮಂಡಿ ಬಿಟ್ಟರೆ. ನಾವು ಹಲವಾರು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇವೆ. ತಡವಾದರೆ ದಂಡ ಕಟ್ಟುತ್ತೇವೆ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ. 5 ರಿಯಾಯಿತಿ, ನಮಗೆ ಸಿಗುವುದು ಅಷ್ಟೇ. ಅದೂ ಮನೆ ಇರುವ ಎಲ್ಲರಿಗೂ ಸಿಗುತ್ತದೆ.

ಈಗ ಸಾವಿರಾರು ಕೋಟಿ ಲಾಭದ ಕಂಪನಿಗೆ ತೆರಿಗೆ ಬಿಟ್ಟು, ಇಪ್ಪತ್ತು ಜನಕ್ಕೆ ಕೆಲಸ ಕೊಟ್ಟವನ ಹತ್ತಿರ ಪೂರ್ತಿ ವಸೂಲಿ ಮಾಡಿದರೆ ಅದು ನ್ಯಾಯವಾ? ನಮ್ಮಲ್ಲಿ ಟರ್ನರ್, ಫಿಟ್ಟರ್ ಹುಡುಗರಿಗೆ ತರಬೇತಿ ಕೊಡಲು ಒಂದು ಒಳ್ಳೆಯ ಕೇಂದ್ರ ಬೇಕು. ಕರೆಂಟ್ ಹೋಗದೆ ಇರಬೇಕು. ಕುಲುಮೆ ಕಾದಿರುವಾಗ ಕರೆಂಟ್ ಹೋದರೆ ಆ ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಲೋಹ, ಪೂರ್ತಿ ಹಾಳು. ಇದಕ್ಕೆ ದುಡ್ಡು ಹಾಕಿದರೆ ನಾವು ಇನ್ನೂ ಹತ್ತು ಹತ್ತು ಜನರನ್ನು ತೆಗೆದುಕೊಳ್ಳುತ್ತೇವೆ. ನಾವು ಎಲ್ಲಿಗೂ ಓಡಿಹೋಗುವುದಿಲ್ಲ.

ಲೆಕ್ಕಪತ್ರ:

ಎರಡು ವಿಷಯ ಇಲ್ಲಿ ಕಲಸಿಹೋಗುತ್ತಿದೆ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಾದದ ಅರ್ಧ ಭಾಗ ಇದರ ಮೇಲೇ ನಿಂತಿದೆ.

ಒಂದು ವಿನಾಯಿತಿ. ಕಂಪನಿ ತೆರಿಗೆಯನ್ನೇ ಕಟ್ಟುವುದಿಲ್ಲ. ಪಾಲಿಕೆಯ ಖಾತೆಗೆ ದುಡ್ಡು ಬರುವುದೇ ಇಲ್ಲ. ಇನ್ನೊಂದು ಮರುಪಾವತಿ. ಕಂಪನಿ ಮೊದಲು ಪೂರ್ತಿ ಕಟ್ಟುತ್ತದೆ, ಆಮೇಲೆ ರಾಜ್ಯ ಸರ್ಕಾರ ತನ್ನ ಬಜೆಟ್‌ನಿಂದ ಒಂದು ಪಾಲು ವಾಪಸ್ ಕೊಡುತ್ತದೆ. ಇದರಲ್ಲಿ ಪಾಲಿಕೆಗೆ ನಷ್ಟವಿಲ್ಲ. ಬೆಂಗಳೂರಿನ ಹೊರಗೆ ಬರುವ ಐಟಿ ಕಂಪನಿಗಳಿಗೆ ಬಾಡಿಗೆ, ಆಸ್ತಿ ತೆರಿಗೆ, ಕರೆಂಟಿನ ತೆರಿಗೆಯಲ್ಲಿ ನೆರವು ಕೊಡುವ ನೀತಿ ರಾಜ್ಯದಲ್ಲಿ ಇದೆ. ಆಸ್ತಿ ತೆರಿಗೆಯದ್ದು ಮರುಪಾವತಿ ರೂಪದಲ್ಲೇ ಇರುವುದು. ಹಾಗಾಗಿ ಯಾರಾದರೂ "ತೆರಿಗೆ ಸವಲತ್ತು" ಅಂದಾಗ ಮೊದಲು ಕೇಳಬೇಕಾದದ್ದು: ಯಾರ ಜೇಬಿನಿಂದ?

ವಿನೋಬನಗರದವರೇ, ಬರದಿದ್ದರೆ ತೆರಿಗೆ ಹೇಗೂ ಇರುತ್ತಿರಲಿಲ್ಲ ಅಂದಿರಿ. ಸವಲತ್ತು ಕೊಟ್ಟಿದ್ದಕ್ಕೇ ಅವರು ಬಂದರು ಅಂತಾದರೆ ಮಾತ್ರ ಆ ವಾದ ನಿಲ್ಲುತ್ತದೆ. ಅಮೆರಿಕದ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ತಿಮೊಥಿ ಬಾರ್ಟಿಕ್ ಇದನ್ನೇ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಸವಲತ್ತಿನಿಂದಲೇ ನಿರ್ಧಾರ ಬದಲಾದದ್ದು ನೂರರಲ್ಲಿ 2ರಿಂದ 25 ಪ್ರಕರಣಗಳಲ್ಲಿ ಮಾತ್ರ. ಉಳಿದವರು ಹೇಗೂ ಅಲ್ಲಿಗೇ ಬರುವವರಿದ್ದರು. ಅವರಿಗೆ ಕೊಟ್ಟದ್ದು ಸುಮ್ನೆ ಕೈಬಿಟ್ಟ ದುಡ್ಡು.

ಮತ್ತೆ, ಖರ್ಚನ್ನೂ ಎಣಿಸಿ. ಕಂಪನಿ ಬಂದಮೇಲೆ ನೀರು, ರಸ್ತೆ, ಒಳಚರಂಡಿ, ಕಸ ಎಲ್ಲದರ ಹೊರೆ ಪಾಲಿಕೆ ಮೇಲೆ ಬೀಳುತ್ತದೆ. ಆದಾಯ ಇಲ್ಲದೆ ಖರ್ಚು ಮಾತ್ರ ಬಂದರೆ ಆ ಕೊರತೆಯನ್ನು ತುಂಬುವವರು ಉಳಿದ ಮನೆಯವರು.

ಸೊರಬದವಳು, ಈಗ ಬೆಂಗಳೂರು:

ನಾನು ಐಟಿಯಲ್ಲೇ ಇದ್ದೇನೆ. ಹೊಸ ಕಚೇರಿ ಎಲ್ಲಿ ತೆರೆಯಬೇಕು ಅನ್ನುವ ಚರ್ಚೆ ನಡೆಯುವ ಕೋಣೆಯಲ್ಲಿ ಕೂತಿದ್ದೇನೆ. ಅಲ್ಲಿ ಆಸ್ತಿ ತೆರಿಗೆಯ ಮಾತು ಬರುವುದು ಕೊನೆಗೆ. ಮೊದಲ ಪ್ರಶ್ನೆ: ಆರು ತಿಂಗಳಲ್ಲಿ ಇನ್ನೂರು ಜನ ಅನುಭವ ಇರುವವರು ಆ ಊರಲ್ಲಿ ಸಿಗುತ್ತಾರಾ? ಆಮೇಲೆ ಕರೆಂಟ್, ಎರಡು ಬೇರೆ ಬೇರೆ ದಾರಿಯ ಇಂಟರ್ನೆಟ್, ವಿಮಾನ, ಮಕ್ಕಳ ಶಾಲೆ, ಗಂಡನಿಗೋ ಹೆಂಡತಿಗೋ ಇನ್ನೊಂದು ಕೆಲಸ ಸಿಗುವ ಅವಕಾಶ. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಊರಲ್ಲಿ ಒಂದೇ ಕಂಪನಿ ಇದ್ದರೆ ಅಲ್ಲಿಂದ ಬಿಟ್ಟರೆ ಮತ್ತೆಲ್ಲಿಗೆ ಅನ್ನುವ ಭಯ ಇರುತ್ತದೆ. ಹಾಗಾಗಿ ಹಿರಿಯ ನೌಕರರು ಬರಲು ಹಿಂಜರಿಯುತ್ತಾರೆ.

ಹುಬ್ಬಳ್ಳಿಯ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಇನ್ಫೋಸಿಸ್‌ಗೆ ಅಲ್ಲಿ ಜಾಗ ಕೊಟ್ಟು ಎಷ್ಟೋ ವರ್ಷ ಆದಮೇಲೆ, 2022ರಲ್ಲಿ ಕ್ಯಾಂಪಸ್ ಕೆಲಸ ಶುರು ಮಾಡಿತು. ಅದೂ ಸ್ಥಳೀಯರು ಒತ್ತಾಯ ಮಾಡಿದ ಮೇಲೆ. 2024ರಲ್ಲಿ ತನ್ನ ನೌಕರರು ಹುಬ್ಬಳ್ಳಿಗೆ ಹೋಗಲಿ ಅಂತ ಕಂಪನಿಯೇ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಘೋಷಿಸಿತು. ಜಾಗ, ಕಟ್ಟಡ ಎರಡೂ ಇದ್ದವು. ಜನರನ್ನು ಕರೆತರುವುದೇ ಕಷ್ಟವಾಯಿತು.

ಬೆಂಗಳೂರೂ ತೆರಿಗೆ ಬಿಟ್ಟು ಬೆಳೆದದ್ದಲ್ಲ. ಸಾಫ್ಟ್‌ವೇರ್ ರಫ್ತು ಬೆಳೆಸುವ ಕೇಂದ್ರದ ಎಸ್‌ಟಿಪಿಐ ಯೋಜನೆ 1991ರಲ್ಲಿ ಬಂತು. ಸಾಫ್ಟ್‌ವೇರ್ ರಫ್ತಿಗೆ ಇದ್ದ ಆದಾಯ ತೆರಿಗೆ ವಿನಾಯಿತಿ 2011ರ ಮಾರ್ಚ್‌ವರೆಗೆ ದೇಶದ ಯಾವ ಊರಿನ ಘಟಕಕ್ಕೂ ಇತ್ತು. ಪಟನಾಕ್ಕೂ ಅದೇ, ಬೆಂಗಳೂರಿಗೂ ಅದೇ. ಆದರೂ ಎಲ್ಲರೂ ಬಂದದ್ದು ಬೆಂಗಳೂರಿಗೆ. ಯಾಕೆ? ಐಐಎಸ್‌ಸಿ, ಎಚ್‌ಎಎಲ್, ಬಿಇಎಲ್, ಇಸ್ರೋ, ಸಾಲು ಸಾಲು ಇಂಜಿನಿಯರಿಂಗ್ ಕಾಲೇಜು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲೇ ಬಂದಿತ್ತು, ಈ ಯೋಜನೆ ಹುಟ್ಟುವ ಮೊದಲೇ.

ನಮ್ಮ ಪಕ್ಕದ ಉಡುಪಿಯನ್ನು ನೋಡಿ. ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ 1996ರಲ್ಲಿ ಅಲ್ಲೇ ಹುಟ್ಟಿ ಅಲ್ಲೇ ಬೆಳೆಯಿತು. ತಮಿಳುನಾಡಿನ ತೆಂಕಾಶಿ ಹತ್ತಿರದ ಹಳ್ಳಿಯಲ್ಲಿ ಸಾಫ್ಟ್‌ವೇರ್ ಕಂಪನಿ ಜೋಹೋ 2011ರಲ್ಲಿ ಕಚೇರಿ ಮಾಡಿ ಸುತ್ತಲಿನ ಹುಡುಗ ಹುಡುಗಿಯರಿಗೆ ತಾನೇ ಕಲಿಸಿ ಕೆಲಸ ಕೊಟ್ಟಿತು. ಶಿವಮೊಗ್ಗಕ್ಕೆ ಈ ದಾರಿ ಹೊಂದುತ್ತದೆ ಅನ್ನಿಸುತ್ತದೆ. ಒಬ್ಬ ದೊಡ್ಡವನನ್ನು ಹುಡುಕುವ ಬದಲು ಮೂವತ್ತು ಜನರ ಹತ್ತು ಕಂಪನಿ ಹುಟ್ಟಲಿ.

ವಿನೋಬನಗರ:

ಸೊರಬದ ತಂಗಿ, ಹತ್ತು ಸಣ್ಣ ಕಂಪನಿ ಅಂತ ಹೇಳುವುದು ಸುಲಭ. ನೀನೇ ಬಂದು ಒಂದು ಶುರು ಮಾಡಬಹುದಲ್ಲ? ಕೋಪದಿಂದ ಹೇಳುತ್ತಿಲ್ಲಮ್ಮ, ನಿಜವಾಗಿ ಕೇಳುತ್ತಿದ್ದೇನೆ. ನಿನ್ನಂಥವರು ಬರಲಿಕ್ಕೆ ಏನು ಬೇಕು?

ಸೊರಬದವಳು, ಈಗ ಬೆಂಗಳೂರು:

ಅಂಕಲ್, ಬರುವ ಮನಸ್ಸಿದೆ. ಬೇಕಾದದ್ದು ಹೇಳುತ್ತೇನೆ. ಬಸ್ ಸ್ಟ್ಯಾಂಡಿಗೆ ಹತ್ತಿರ, ಕಡಿಮೆ ಬಾಡಿಗೆಗೆ, ತಿಂಗಳ ಲೆಕ್ಕದಲ್ಲಿ ಸಿಗುವ ಜಾಗ. ಊರಿನಿಂದ ದೂರದ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಹೆಣ್ಣುಮಕ್ಕಳು ಮನೆಗೆ ಬರುವುದು ಹೇಗೆ? ಮಳೆಗಾಲದಲ್ಲೂ ನಿಲ್ಲದ ಇಂಟರ್ನೆಟ್. ಮತ್ತೆ ಇಲ್ಲಿನ ಕಾಲೇಜಿನ ಕೊನೆಯ ವರ್ಷದ ಮಕ್ಕಳಿಗೆ ಆರು ತಿಂಗಳ ನಿಜವಾದ ಕೆಲಸದ ತರಬೇತಿ, ಅದರ ಸ್ಟೈಪೆಂಡ್‌ನಲ್ಲಿ ಸರ್ಕಾರದ ಪಾಲು. ತೆರಿಗೆ ಬಿಡಿ ಅಂತ ನಾನು ಕೇಳುವುದಿಲ್ಲ. ಮೊದಲ ಮೂರು ವರ್ಷ ಹೇಗೂ ಲಾಭವೇ ಇರುವುದಿಲ್ಲ.

ಸಾಗರದವ:

ನೆಟ್‌ವರ್ಕ್ ವಿಷಯಕ್ಕೆ ಒಂದು ಮಾತು. ಹೊಸನಗರ, ಸಾಗರದ ಒಳಗಿನ ಊರುಗಳಲ್ಲಿ "ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ" ಅಂತ ಜನ ಬೋರ್ಡ್ ಹಾಕಿದ್ದರು. ಮಳೆಗಾಲದಲ್ಲಿ ಮರ ಬಿದ್ದರೆ ಮೆಸ್ಕಾಂ ಲೈನ್‌ಮನ್‌ಗಳು ಎಷ್ಟು ಒದ್ದಾಡುತ್ತಾರೆ ಅಂತ ನಮಗೆ ಗೊತ್ತು. ಆದರೂ ಕರೆಂಟ್ ಬರಲು ಎರಡು ಮೂರು ದಿನ. ಇದೇ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್. ರಾಜ್ಯದ ಕೈಗಾರಿಕೆಗೆ ಬೆಳಕು ಕೊಟ್ಟವರು ನಾವು. ಮುಳುಗಡೆಯಾದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಹೊರಗಿನ ಕಂಪನಿಗೆ ಒಂದು ವಾರದಲ್ಲಿ ಜಾಗ ಮಂಜೂರು ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ ಆ ಮೊಮ್ಮಕ್ಕಳ ಮನಸ್ಸಿಗೆ ಹೇಗಾಗಬೇಡ?

ಇನ್ನೊಂದು. ಮಲೆನಾಡು ತಂಪು, ನೀರು ಇದೆ, ಡೇಟಾ ಸೆಂಟರ್, ಅಂದರೆ ಮಾಹಿತಿ ಇಡುವ ಸಾವಿರಾರು ಕಂಪ್ಯೂಟರ್‌ಗಳ ಕಟ್ಟಡ, ತನ್ನಿ ಅಂತ ಕೆಲವರು ಹೇಳುತ್ತಿದ್ದಾರೆ. ಅದಕ್ಕೆ ನನ್ನ ಪೂರ್ತಿ ವಿರೋಧ. ಡೇಟಾ ಸೆಂಟರ್ ಕಟ್ಟುವಾಗ ಕೆಲಸ ಜಾಸ್ತಿ. ಕಟ್ಟಿ ಮುಗಿದಮೇಲೆ ನಡೆಸಲು ಬೇಕಾಗುವ ಜನ ಬಹಳ ಕಡಿಮೆ. ಕರೆಂಟು ಮಾತ್ರ ಹಗಲು ರಾತ್ರಿ ಬೇಕು, ಯಂತ್ರ ತಣ್ಣಗಿಡಲು ಎಷ್ಟೋ ಕಡೆ ನೀರೂ ಬೇಕು. ಕೆಲಸ ಕಡಿಮೆ, ಸವಲತ್ತು ಜಾಸ್ತಿ ಅನ್ನುವ ವ್ಯಾಪಾರ ಅದು.

ದುರ್ಗಿಗುಡಿ:

ಸವಲತ್ತು ಪೂರ್ತಿ ತಪ್ಪು ಅಂತಲೂ ಅನ್ನಬೇಡಿ ಮಾರಾಯ್ರೆ. 2023ರ ಫೆಬ್ರವರಿಯಲ್ಲಿ ನಮ್ಮ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಅದೇ ನವೆಂಬರ್‌ನಲ್ಲಿ ಹೈದರಾಬಾದ್, ಗೋವಾ, ತಿರುಪತಿಗೆ ಶುರುವಾದದ್ದು ಸಣ್ಣ ಊರುಗಳಿಗೆ ವಿಮಾನ ಹಾರಿಸಲು ಕೇಂದ್ರ ತಂದ ಉಡಾನ್ ಯೋಜನೆಯ ನೆರವಿನಿಂದ. ಆ ನೆರವಿಗೆ ಅವಧಿ ಇದೆ, ಹಾರಿಸಿದರೆ ಮಾತ್ರ ದುಡ್ಡು. ಐಟಿಗೂ ಹಾಗೇ ಮಾಡಬಹುದಲ್ವಾ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕತೆಯನ್ನೂ ಹೇಳಬೇಕು. 2017ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಅಲ್ಲಿ 13 ಸಾವಿರ ಕೆಲಸ ಕೊಡುತ್ತೇನೆ ಅಂದಿತು. ರಾಜ್ಯ ಸುಮಾರು 3 ಬಿಲಿಯನ್ ಡಾಲರ್ ಸವಲತ್ತಿಗೆ ಒಪ್ಪಿತು. ಕೆಲಸ ಬರಲಿಲ್ಲ. 2021ರಲ್ಲಿ ಒಪ್ಪಂದವನ್ನು ಮತ್ತೆ ಬರೆದು 1,454 ಕೆಲಸಕ್ಕೆ 80 ಮಿಲಿಯನ್ ಡಾಲರ್ ಅಂತ ಇಳಿಸಿದರು. ರಾಜ್ಯದ ದೊಡ್ಡ ದುಡ್ಡು ಉಳಿದದ್ದು ಯಾಕೆಂದರೆ ಕೆಲಸ ತೋರಿಸಿದ ಮೇಲೆ ಕೊಡುವುದು ಅಂತ ಷರತ್ತಿತ್ತು. ಆದರೆ ಮೌಂಟ್ ಪ್ಲೆಸೆಂಟ್ ಅನ್ನುವ ಸಣ್ಣ ಊರು ಜಾಗ ಕೊಳ್ಳಲು, ರಸ್ತೆ ನೀರು ಕೊಡಲು ಮೊದಲೇ ಸಾಲ ಮಾಡಿತ್ತು. ಆಮೇಲೆ ಆ ಜಾಗದಲ್ಲಿ ಮೈಕ್ರೋಸಾಫ್ಟ್ ಡೇಟಾ ಸೆಂಟರ್ ಕಟ್ಟಲು ಬಂತು, ಅದು ಬೇರೆ ಮಾತು. ಷರತ್ತು ಇದ್ದ ಕಡೆ ಉಳಿಯಿತು, ಮೊದಲೇ ಖರ್ಚು ಮಾಡಿದ ಕಡೆ ಪೆಟ್ಟು ಬಿತ್ತು.

ತೀರ್ಥಹಳ್ಳಿ ತೋಟ:

ನಾನು ಅಡಿಕೆ ಬೆಳೆಗಾರ. ಎಲೆಚುಕ್ಕಿ ರೋಗದಿಂದ ನಮ್ಮ ಕಡೆ ತೋಟಗಳೇ ಹಳದಿಯಾಗಿವೆ. ಅಡಿಕೆಗೆ ಶೇ. 5 ಜಿಎಸ್‌ಟಿ ಇದೆ. ಔಷಧಿಗೆ ಸಹಾಯಧನ ಕೇಳಿದರೆ ಬಜೆಟ್ ಇಲ್ಲ ಅನ್ನುತ್ತಾರೆ. ನನ್ನ ಮಗ ತೋಟ ಬಿಟ್ಟು ಕಂಪ್ಯೂಟರ್ ಓದುತ್ತಿದ್ದಾನೆ, ಹಾಗಾಗಿ ಶಿವಮೊಗ್ಗಕ್ಕೆ ಕಂಪನಿ ಬಂದರೆ ನನಗೇ ಲಾಭ. ಆದರೂ ಹೇಳುತ್ತೇನೆ, ಬಜೆಟ್ ಇಲ್ಲ ಅನ್ನುವ ಸರ್ಕಾರ ಕಂಪನಿಗೆ ತೆರಿಗೆ ಹೇಗೆ ಬಿಡುತ್ತದೆ? ಕೊಡುವುದಾದರೆ ಎಲ್ಲರೆದುರು ಲೆಕ್ಕ ಇಟ್ಟು ಕೊಡಲಿ.

ಕೋಟೆ ರಸ್ತೆ:

ಎಲ್ಲರಿಗೂ ಧನ್ಯವಾದ. ದುರ್ಗಿಗುಡಿಯವರು ಹೇಳಿದ್ದರಲ್ಲಿ ಷರತ್ತಿನ ವಿಷಯ ಒಪ್ಪುತ್ತೇನೆ. ರಾಜ್ಯದ ದುಡ್ಡಿನಿಂದ, ಅವಧಿ ಹಾಕಿ, ಕೆಲಸ ನೋಡಿ ಕೊಡಲಿ. ಪಾಲಿಕೆಯ ಆಸ್ತಿ ತೆರಿಗೆಯನ್ನು ಮಾತ್ರ ಮುಟ್ಟಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಪೈಪೋಟಿಯ ಬಗ್ಗೆಯೂ ಹೇಳಬೇಕು. 2025ರಲ್ಲಿ ಆಂಧ್ರ ಸರ್ಕಾರ ವಿಶಾಖಪಟ್ಟಣದಲ್ಲಿ ಟಿಸಿಎಸ್‌ಗೆ 21 ಎಕರೆಗೂ ಜಾಸ್ತಿ ಜಾಗವನ್ನು 99 ಪೈಸೆಗೆ ಕೊಡಲು ಒಪ್ಪಿತು. ದೇವನಹಳ್ಳಿಯ 1,777 ಎಕರೆ ಭೂಸ್ವಾಧೀನವನ್ನು ನಮ್ಮ ಸರ್ಕಾರ ರೈತರ ಹೋರಾಟಕ್ಕೆ ಮಣಿದು ಕೈಬಿಟ್ಟಾಗ ಆಂಧ್ರದ ಸಚಿವ ನಾರಾ ಲೋಕೇಶ್ ಕಂಪನಿಗಳನ್ನು ತಮ್ಮ ಕಡೆಗೆ ಕರೆದರು. ಹೀಗೆ ಪೈಪೋಟಿಗೆ ಇಳಿದರೆ 99 ಪೈಸೆಗಿಂತ ಕೆಳಗೆ ಹೋಗಿ ಶಿವಮೊಗ್ಗ ಗೆಲ್ಲಲು ಆಗುತ್ತದಾ? ಅಮೆರಿಕದ ಕಾನ್ಸಾಸ್ ಮತ್ತು ಮಿಸೌರಿ ರಾಜ್ಯಗಳು ಗಡಿಯ ಎರಡು ಬದಿಯಿಂದ ಪರಸ್ಪರರ ಕಂಪನಿಗಳನ್ನು ಸವಲತ್ತು ಕೊಟ್ಟು ಎಳೆದಾಡುತ್ತಿದ್ದವು. ಸಾಕಾಗಿ 2019ರಲ್ಲಿ ಇನ್ನು ಮುಂದೆ ಬೇಡ ಅಂತ ಒಪ್ಪಂದಕ್ಕೆ ಬಂದವು. ದಕ್ಷಿಣದ ರಾಜ್ಯಗಳೂ ಕೂತು ಮಾತಾಡಬೇಕು.

ಇನ್ನೊಂದು ನನಗೆ ಬಹಳ ಕಾಡುತ್ತದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ಕೊನೆಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದರು. ಊರಿನ ತೆರಿಗೆ ಬಿಡುವ ತೀರ್ಮಾನವನ್ನು 35 ವಾರ್ಡಿನ ಜನ ಆರಿಸಿದವರು ಸಭೆಯಲ್ಲಿ ಕೂತು, ಪರ ವಿರೋಧ ಹೇಳಿ ಮಾಡಬೇಕು. ಅಧಿಕಾರಿಯ ಒಂದು ಸಹಿಯಿಂದ ಆಗಬಾರದು.

ಜಿಲ್ಲಾಡಳಿತಕ್ಕೂ ಪಾಲಿಕೆಗೂ ಒಂದು ಮನವಿ ಬರೆಯೋಣ. ಕರಡು ನಾನು ಮಾಡುತ್ತೇನೆ. ಲೆಕ್ಕಪತ್ರದವರು ಭಾಷೆ ನೋಡಿಕೊಡಿ.

ಲೆಕ್ಕಪತ್ರ:

ಖಂಡಿತ. ಒಂದು ಸಾಲು ಈಗಲೇ ಹಾಕಿಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಪ್ರಕಾರ ರಿಯಾಯಿತಿ ಪಡೆದವರ ವಿವರವನ್ನು ಯಾರೂ ಕೇಳದಿದ್ದರೂ ಕಚೇರಿಗಳು ತಾವಾಗಿ ಪ್ರಕಟಿಸಬೇಕು. ಹಾಗಾಗಿ ನಾವು ಕೇಳುತ್ತಿರುವುದು ಹೊಸದೇನಲ್ಲ. ಯಾವ ಕಂಪನಿಗೆ ಎಷ್ಟು ಕೊಟ್ಟರು, ಎಷ್ಟು ಕೆಲಸ ಬಂತು ಅಂತ ಪ್ರತಿ ವರ್ಷ ವೆಬ್‌ಸೈಟಿನಲ್ಲಿ ಹಾಕಲಿ.

ಸೊರಬದವಳು, ಈಗ ಬೆಂಗಳೂರು:

ಕೆಲಸದ ಲೆಕ್ಕಕ್ಕೆ ನಾನು ಬರೆದುಕೊಡುತ್ತೇನೆ. "ಪಿಎಫ್ ದಾಖಲೆಯ ಪ್ರಕಾರ ಶಿವಮೊಗ್ಗದ ಕಚೇರಿಯಲ್ಲಿ ಸತತ ಹನ್ನೆರಡು ತಿಂಗಳು ದುಡಿದವರನ್ನು ಮಾತ್ರ ಎಣಿಸಬೇಕು. ಬೆಂಗಳೂರಿನಿಂದ ವರ್ಗವಾದವರನ್ನು, ಗುತ್ತಿಗೆಯ ಭದ್ರತಾ ಸಿಬ್ಬಂದಿಯನ್ನು ಬೇರೆ ಪಟ್ಟಿಯಲ್ಲಿ ತೋರಿಸಬೇಕು." ಇಷ್ಟು ಇಲ್ಲದಿದ್ದರೆ ಸಂಖ್ಯೆಯನ್ನು ಹೇಗೆ ಬೇಕಾದರೂ ತೋರಿಸಬಹುದು.

ನಿದಿಗೆ ಫೌಂಡ್ರಿ:

ಐಟಿಐ ಓದಿದ ಹುಡುಗರನ್ನೂ ಸೇರಿಸಿ. ಕ್ಯಾಂಪಸ್ ಅಂದರೆ ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್ ಎಲ್ಲರೂ ಬೇಕು. ಅವರು ಈ ಜಿಲ್ಲೆಯವರಾಗಿರಲಿ. ಸ್ಥಳೀಯ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅಂತಲೂ ಒಂದು ಸಾಲು ಇರಲಿ.

ವಿನೋಬನಗರ:

ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಮೊದಲ ಕಂಪನಿ ಬರುವವರೆಗೆ ಸ್ವಲ್ಪ ಕೈ ಸಡಿಲ ಬಿಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೂ ಮನವಿಗೆ ಸಹಿ ಹಾಕುತ್ತೇನೆ. ಸ್ಟೈಪೆಂಡ್ ವಿಷಯವನ್ನು ಮೊದಲನೆಯ ಬೇಡಿಕೆಯಾಗಿ ಇಡಿ. ಮತ್ತೆ ಸೊರಬದ ತಂಗಿ, ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಸ್ನೇಹಿತರದ್ದೊಂದು ಕಟ್ಟಡದ ಎರಡನೇ ಮಹಡಿ ಖಾಲಿ ಇದೆ. ಊರಿಗೆ ಬಂದಾಗ ನೋಡುವುದಾದರೆ ತಿಳಿಸು, ಕೀಲಿ ತರಿಸಿ ಇಟ್ಟಿರುತ್ತೇನೆ.